ಇನ್ನೂ ಊದದ ಸಂಗು

ಉರಿಗಾಂ,
ವೈಶಾಖ ಮಾಸ, ಸೋಮವಾರ ಮಧ್ಯಾಹ್ನ.

ಚಿರಂಜೀವಿ ಸುಮಿತಾಗೆ ನಿನ್ನ ಅಜ್ಜಿ ಗಂಗರತ್ನಮ್ಮ ಬರೆಯುವುದು.

ಇದರ ಕೆಳಗೆ ‘ನಾವೆಲ್ಲ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆಯುವುದು’ ಅಂತ ಸೇರಿಸಬೇಕು ಎಂದು ನಮ್ಮೂರ ಮೇಷ್ಟ್ರು ಹೇಳಿಕೊಟ್ಟಿದ್ದರು. ನಾಲ್ಕನೇ ಕ್ಲಾಸಿನ ತನಕ ಕಲಿತದ್ದರಲ್ಲಿ ನೆನಪು ಉಳಿದಿರುವುದು ಅದೊಂದೇ. ಇಲ್ಲಿ ಕ್ಷೇಮ ಇಲ್ಲ, ಅದಕ್ಕೇ ಬರೆಯಲಿಲ್ಲ. ನೀನು ಕ್ಷೇಮವಾಗಿದ್ದೀಯ ಅನ್ನುವುದು ನನಗೆ ಗೊತ್ತು. ಹೇಗೆ ಗೊತ್ತು ಅನ್ನುವುದನ್ನು ಮುಂದೆ ಬರೆಯುತ್ತೇನೆ, ಅವಸರ ಮಾಡಬೇಡ. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ. ಓದಲು ಕಷ್ಟವಾದರೆ ಇನ್ನೂ ಒಳ್ಳೆಯದು, ನಿಧಾನಕ್ಕೆ ಓದುತ್ತೀಯ.

ಫೋನು ಇರುವಾಗ ಕಾಗದ ಯಾಕೆ ಅಂತ ಕೇಳುತ್ತೀಯ. ಫೋನಿನಲ್ಲಿ ಬೈದರೆ ನೀನು ರೆಕಾರ್ಡ್ ಮಾಡಿಕೊಳ್ಳುತ್ತೀಯ. “ಅಜ್ಜೀ, ಅದೇ ಥರ ಇನ್ನೊಂದ್ಸಲ ಬಯ್ಯಿ” ಅಂತೀಯ. ನಿಮ್ಮಪ್ಪ ವೇಣು ಕುಡಿದು ಬಂದ ದಿನ ನಾನು ಅವನಿಗೆ ಬೈದದ್ದನ್ನು ಕದ್ದು ಹಿಡಿದಿಟ್ಟುಕೊಂಡು, ನಿನ್ನ ಸಿನಿಮಾದಲ್ಲಿ ಮೂತಿಗೆ ಬಾಟಲಿ ಕಟ್ಟಿಕೊಂಡ ಒಬ್ಬ ರಾಕ್ಷಸನ ಮೇಲೆ ಯಾವಳೋ ಮುದುಕಿ ಕೂಗಿದ ಹಾಗೆ ಅಂಟಿಸಿದ್ದೀಯ. ಮಗನಿಗೆ ಬೈದ ಬೈಗುಳ ರಾಕ್ಷಸನಿಗೆ ಹೋಯಿತು. ಹೋಗಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಈ ಸಲ ನನ್ನ ದನಿ ನಿನಗೆ ಸಿಗುವುದಿಲ್ಲ.

ನಿನ್ನ ಗೆಳೆಯ ನರೇಶ ಮೊನ್ನೆ ಬಂದಿದ್ದ. ಒಂದು ಕೈಯಲ್ಲಿ ಮೈಸೂರುಪಾಕಿನ ಡಬ್ಬಿ, ಇನ್ನೊಂದರಲ್ಲಿ ಇಂಗ್ಲಿಷಿನ ಕಾಗದ. ಸಿನಿಮಾವನ್ನು ದೊಡ್ಡ ಊರಿನ ಹಬ್ಬದಲ್ಲಿ ತೋರಿಸುತ್ತಾರಂತೆ, ಅದರಲ್ಲಿ ಕಾಣುವವರೆಲ್ಲ ಒಪ್ಪಿಗೆ ಕೊಡಬೇಕಂತೆ, ಕದಿರಮ್ಮನ ಹೆಬ್ಬೆಟ್ಟು ಒಂದು ಬಾಕಿ ಇದೆಯಂತೆ. “ನೀವೇ ಒತ್ತಿಸ್ಕೊಡಿ ಅಜ್ಜೀ, ನಿಮ್ಮ ಮಾತು ಆಯಮ್ಮ ಕೇಳ್ತಾರೆ” ಅಂದ. “ಅವಳ ಮೊಮ್ಮಗಳಂಗೆ ಬೆಳೆದೋಳು ಎಲ್ಲೋದ್ಲು, ಅವಳೇ ಬಂದು ಒತ್ತಿಸ್ಕೊಳ್ಳಕ್ಕಾಗಲ್ವಾ?” ಅಂದೆ. ಹುಡುಗ ತಲೆ ಬಗ್ಗಿಸಿ ಮಜ್ಜಿಗೆ ಕುಡಿದ. ಕಾಗದ ಇಲ್ಲೇ ಇದೆ, ಬೇಳೆ ಡಬ್ಬದ ಅಡಿಯಲ್ಲಿ. ಅದರ ಮೇಲೆ ಹೆಬ್ಬೆಟ್ಟು ಬೀಳಬೇಕಾದರೆ ನೀನೊಂದು ಕೆಲಸ ಮಾಡಬೇಕು. ಅದನ್ನು ಹೇಳುವುದಕ್ಕೇ ಈ ಕಾಗದ.

ಆದರೆ ಮೊದಲಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಯಾಕೆಂದರೆ ಸಿನಿಮಾ ನೋಡಿದ ಮೇಲೆ ನಿನಗೆ ಯಾವುದು ಗೊತ್ತು, ಯಾವುದು ಗೊತ್ತಿಲ್ಲ ಅನ್ನುವುದೇ ನನಗೆ ತಿಳಿಯದ ಹಾಗಾಗಿದೆ.

ಸಂಕ್ರಾಂತಿ ಕಳೆದ ವಾರ ನೀನು ನಿನ್ನ ದಂಡು ಕಟ್ಟಿಕೊಂಡು ಬಂದೆ. “ಪ್ರಪಂಚ ಮುಗಿದೋದ್ಮೇಲೆ ಉಳಿದೋರ ಕಥೆ ಅಜ್ಜೀ” ಅಂದೆ. “ಸೆಟ್ ಆಕಕ್ಕೆ ನಮ್ಮತ್ರ ಕಾಸಿಲ್ಲ. ಆದ್ರೆ ನಮ್ಮ ಲೈನಲ್ಲಿ ಎಲ್ಲಾ ರೆಡಿಯಾಗೇ ಐತೆ” ಅಂದೆ. ನಾನು ನಕ್ಕೆ. ಚಿನ್ನದ ಮೈನಿನ ಕೂಲಿಯವರಿಗೆ ಅಂತ ಕಟ್ಟಿದ ಈ ಲೈನಿನ ಸಾಲುಮನೆ, ನಾನು ಮದುವೆಯಾಗಿ ಬಂದ ಮನೆ, ನಿಮ್ಮಪ್ಪ ಅಂಬೆಗಾಲಿಟ್ಟ ಮನೆ, ಪ್ರಪಂಚ ಮುಗಿದ ಮೇಲಿನ ಮನೆಯಾಗಿ ರೆಡಿಯಾಗಿತ್ತು ಅಂತ ನನಗೆ ಗೊತ್ತಿರಲಿಲ್ಲ. ನೀನು ಬಿಳಿ ಸುಣ್ಣ ಹೊಡೆಸಿದ ಗೋಡೆಯನ್ನು ಗೋಣಿತಾಟು ಇಳಿಬಿಟ್ಟು ಮುಚ್ಚಿದೆ. ನಾನು ಒಣಹಾಕಿದ್ದ ಬಟ್ಟೆ ತೆಗೆಸಿದೆ. ಪಕ್ಕದ ಮನೆಯ ತುಳಸಿ ಗಿಡ ಹಸಿರಾಗಿದೆ ಅಂತ ಅದಕ್ಕೆ ಬಕೆಟ್ಟು ಮಗುಚಿದೆ. ಲೈನಿನವರೆಲ್ಲ ಬೆಳಗಿಂದ ಮನೆಯೊಳಗೇ ಇರಬೇಕು, ಸತ್ತ ಊರಿನಲ್ಲಿ ಜನ ಓಡಾಡಿದರೆ ಚೆನ್ನಾಗಿರುವುದಿಲ್ಲ ಅಂದೆ. ನಾವು ಇದ್ದೆವು. ಕಕ್ಕಸಿಗೆ ಹೋಗಬೇಕಾದರೂ ಬಾಗಿಲ ಸಂದಿಯಿಂದ ನಿನ್ನನ್ನು ಕೇಳಿ ಹೋದೆವು.

ನಿನ್ನ ಕಷ್ಟ ನಾನು ನೋಡಿಲ್ಲ ಅಂತ ತಿಳಿಯಬೇಡ. ಸ್ಕೂಟಿ ಮಾರಿ ಲೈಟು ತಂದೆ. ನೀರಿನ ಬಾಟಲಿ, ಸೈಕಲ್ ಟ್ಯೂಬು, ಟೀ ಸೋಸುವ ಜಾಲರಿ ಸೇರಿಸಿ ಮೂತಿಗೆ ಹಾಕುವ ಮುಖವಾಡ ಹೊಲಿದೆ. ನನ್ನ ಎರಡು ಸೀರೆಯನ್ನು ಟೀ ಕಷಾಯದಲ್ಲಿ ಅದ್ದಿ, ಕಲ್ಲಿಗೆ ಉಜ್ಜಿ ಹರಿದು ಹೀರೋಯಿನ್ ಶಶಿರೇಖಳಿಗೆ ಉಡಿಸಿದೆ. ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಮೇಲೆ ಮಟಮಟ ಮಧ್ಯಾಹ್ನ ಕ್ಯಾಮೆರಾ ಹೊತ್ತುಕೊಂಡು ಹತ್ತಿದೆ. ಆ ಬಿಳಿ ಧೂಳು ಕಣ್ಣಿಗೆ ಬಿದ್ದು ಕೆಂಡದ ಹಾಗಾಗಿದ್ದರೂ “ಸೂಪರ್, ಇದೇ ಬೇಕಿತ್ತು” ಅಂದೆ. ಮದುವೆ ಮನೆಯಲ್ಲಿ ತಾಳಿ ಕಟ್ಟುವುದನ್ನು ವಿಡಿಯೋ ಹಿಡಿಯುವ ಹುಡುಗಿಯ ಒಳಗೆ ಇಷ್ಟು ಹಠ ಇದೆಯಾ ಅಂತ ನನಗೆ ಹೆಮ್ಮೆಯೇ ಆಯಿತು. ಅಷ್ಟೂ ಜನಕ್ಕೆ ಮುದ್ದೆ, ಹುರುಳಿಕಾಳಿನ ಸಾರು ಮಾಡಿ ಹಾಕಿದ್ದು ಆ ಹೆಮ್ಮೆಗೇ. ಶಶಿರೇಖಳ ಹುಬ್ಬು ನೋಡಿ, “ಪ್ರಳಯ ಆದ್ಮೇಲೂ ಹುಬ್ಬು ತೀಡೋ ಅಂಗಡಿ ತೆಗೆದಿರ್ತದಾ?” ಅಂತ ಕೇಳಿದ್ದಕ್ಕೆ ನೀನು ಮುನಿಸಿಕೊಂಡೆ. ಆ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಹೊಗೆ ಬಿಡುತ್ತೀನಿ ಅಂತ ನೀನು ಮೊದಲೇ ಹೇಳಿದ್ದೆ. ಪಟಾಕಿ ಹೊಡೆಯುತ್ತೀನಿ ಅಂತಲೂ ಹೇಳಿದ್ದೆ. ಸಂಗಿನ ಮಾತು ಹೇಳಲಿಲ್ಲ.

ಬಂಗಾರಪೇಟೆಯ ಗುಜರಿಯಲ್ಲಿ ಸಿಕ್ಕಿತು, ಕೈಯಲ್ಲಿ ತಿರುಗಿಸುವ ಸೈರನ್ನು. ನಿನಗೆ ಅದು ಪ್ರಪಂಚ ಮುಗಿಯುವ ಶಬ್ದ. ನಮ್ಮ ಲೈನಿನಲ್ಲಿ ಅದರ ಹೆಸರು ಸಂಗು. ಮೈನು ನಡೆಯುತ್ತಿದ್ದ ಕಾಲದಲ್ಲಿ ಅದು ಊದಿದರೆ ಷಿಫ್ಟು ಬದಲಾಗುತ್ತಿತ್ತು, ನಾವು ಅಕ್ಕಿ ತೊಳೆಯುತ್ತಿದ್ದೆವು, ಮಕ್ಕಳನ್ನು ಎಬ್ಬಿಸುತ್ತಿದ್ದೆವು, ಗಡಿಯಾರ ಬೇಕಿರಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಊದಿದರೆ ಮಾತ್ರ ಅರ್ಥ ಬೇರೆ. ಒಳಗೆ ಬಂಡೆ ಸಿಡಿದಿದೆ ಅಂತ. ಆಗ ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಒಲೆಯಲ್ಲಿದ್ದ ಸೌದೆ ಎಳೆದು ನೀರು ಹಾಕಿ, ಒಂದು ದುಪ್ಪಟಿ ಮಡಿಸಿ ಕಂಕುಳಿಗೆ ಸಿಕ್ಕಿಸಿಕೊಂಡು, ಗಂಡಸರು ಕೆಳಗಿಳಿಯುವ ಶಾಫ್ಟಿನ ಬಾಗಿಲಿಗೆ ಓಡುವುದು. ದುಪ್ಪಟಿ ಯಾಕೆ ಅಂತ ಹೊಸದಾಗಿ ಬಂದ ಸೊಸೆಯರೂ ಕೇಳುತ್ತಿರಲಿಲ್ಲ. ಮತ್ತೆ ಷಿಫ್ಟಿನ ಸಂಗು ಊದಿ, ಒಳಗಿದ್ದವರು ಮೇಲೆ ಬರುವ ತನಕ ಲೈನಿನಲ್ಲಿ ಒಲೆ ಹಚ್ಚುವಂತಿಲ್ಲ, ಒಲೆಯ ಮೇಲೆ ಬೆಂದದ್ದನ್ನು ಬಾಯಿಗೆ ಹಾಕುವಂತಿಲ್ಲ. ತಿಂದರೆ ಕಡ್ಲೆಪುರಿ, ಬನ್ನು, ಬಾಳೆಹಣ್ಣು. ಇದನ್ನು ಯಾರೂ ಕಾನೂನು ಮಾಡಿರಲಿಲ್ಲ. ಇತ್ತು, ಅಷ್ಟೆ.

ಮೈನು ಮುಚ್ಚಿ ಇಷ್ಟು ವರ್ಷವಾಯಿತು. ಆ ದಿನ ಬೆಳಿಗ್ಗೆ ನಾನು ನಿನ್ನ ದಂಡಿಗೇ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ನೀನು ದಿಬ್ಬದ ಮೇಲೆ ನಿಂತು ಹಿಡಿ ತಿರುಗಿಸಿದೆ. ಸಿನಿಮಾ ಅಂತ ನನಗೆ ಗೊತ್ತು, ನನ್ನ ಮೊಮ್ಮಗಳದೇ ಸಿನಿಮಾ ಅಂತ ಗೊತ್ತು. ಆದರೂ ನನ್ನ ಕೈ ಗ್ಯಾಸ್ ಆರಿಸಿತು. ಬಾಗಿಲಿಗೆ ಬಂದಾಗ ಕಂಕುಳಲ್ಲಿ ದುಪ್ಪಟಿ ಇತ್ತು. ಯಾವಾಗ ಮಡಿಸಿದೆನೋ ದೇವರಾಣೆ ಗೊತ್ತಿಲ್ಲ. ಹೊರಗೆ ನೋಡಿದರೆ ಬೀದಿ ತುಂಬ ಮುದುಕಿಯರು. ಚಿಕ್ಕವೆಂಕಟಮ್ಮ ಮಂಡಿ ನೋವಿಗೆ ಗೋಡೆ ಹಿಡಿದು ನಡೆಯುವವಳು, ಗೋಡೆ ಬಿಟ್ಟು ಓಡುತ್ತಿದ್ದಳು. ಎಲ್ಲರ ಕಂಕುಳಲ್ಲೂ ಬಟ್ಟೆ. 

ನೀನು ಮೇಲಿಂದ ನೋಡಿದೆ. ಆಗ ನಿಲ್ಲಿಸಬಹುದಿತ್ತು. ನರೇಶನೇ ನನ್ನ ಹತ್ತಿರ ಹೇಳಿದ, ಅವನ ಮೇಲೆ ಕೋಪ ಮಾಡಬೇಡ. ನೀನು ಹಿಡಿಯನ್ನು ಇನ್ನೊಬ್ಬನ ಕೈಗೆ ಕೊಟ್ಟು, “ನಿಲ್ಲಿಸ್ಬೇಡ ಕಣೋ, ತಿರುಗಿಸ್ತಾ ಇರು; ನರೇಶ್, ಅವ್ರನ್ನ ಇಡಿ, ಇಡಿ, ಇಂತಾದ್ದು ಮತ್ತೆ ಸಿಗಲ್ಲ” ಅಂದೆಯಂತೆ.

ನಿಜ, ಸಿಗುವುದಿಲ್ಲ.

ಶಾಫ್ಟಿನ ಮುಂದೆ ಈಗ ಮುಳ್ಳುತಂತಿ ಬೇಲಿ, ಅದರ ಕಾವಲಿಗೆ ರಾಜ್‌ಕುಮಾರ್. ಅವನು ಬೇಲಿಯ ಆಚೆಯಿಂದ “ಅಮ್ಮಾ, ಶೂಟಿಂಗಮ್ಮಾ, ಬರೀ ಶೂಟಿಂಗು” ಅಂತ ಅರಚಿದ ಮೇಲೆ ನಮಗೆ ಎಚ್ಚರವಾಯಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಚಿಕ್ಕವೆಂಕಟಮ್ಮ ಬೀದಿಯಲ್ಲೇ ಕೂತು, ನಿನ್ನ ಏಳು ತಲೆಮಾರು ಜಾಲಾಡಿದಳು. ಅದರಲ್ಲಿ ನಾನೂ ಬರುತ್ತೇನೆ, ಆದರೂ ಸುಮ್ಮನೆ ಕೇಳಿಸಿಕೊಂಡೆ. ಎಲ್ಲರೂ ವಾಪಸು ಹೊರಟೆವು.

ಕದಿರಮ್ಮ ಬರಲಿಲ್ಲ. ಬೇಲಿಯ ತಂತಿ ಹಿಡಿದು ನಿಂತು ಕೂಗಿದಳು. “ಐನೂತ್ತಿ ಪನ್ನೆಂಡು!” ಆಮೇಲೂ ಕೂಗಿದಳು. ನರೇಶನ ಕ್ಯಾಮೆರಾ ಅವಳ ಮುಖಕ್ಕೆ ಅಷ್ಟು ಹತ್ತಿರ ಇತ್ತು.

ಅವಳು ನಿನಗೆ ಯಾರು ಅಂತ ನೆನಪಿಸಬೇಕಾ? ನಿಮ್ಮಮ್ಮ ತೀರಿಹೋದಾಗ ನಿನಗೆ ಇನ್ನೂ ಮಾತು ಬಂದಿರಲಿಲ್ಲ. ನಾನು ಆಸ್ಪತ್ರೆಯ ಕಸ ಗುಡಿಸಲು ಹೋದರೆ ನೀನು ಇರುತ್ತಿದ್ದದ್ದು ಅವಳ ಸೊಂಟದ ಮೇಲೆ. ನಿನ್ನ ಬಾಯಲ್ಲಿ ಮೊದಲು ಬಂದ ಮಾತು ಕನ್ನಡವೂ ಅಲ್ಲ, ತೆಲುಗೂ ಅಲ್ಲ, ಅವಳ ತಮಿಳು. ಕೆಮ್ಮಾದರೆ ಅವಳ ಮೆಣಸಿನ ರಸ, ಸ್ಕೂಲಿಗೆ ಹೋಗಲ್ಲ ಅಂದರೆ ಅವಳ ಸೆರಗಿನ ಮರೆ. ಅವಳ ಮಗಳು ಕಲಾ ಹೊಟ್ಟೆಕಿಚ್ಚು ಪಡುವಷ್ಟು ನಿನ್ನನ್ನು ಸಾಕಿದಳು.

ನೀನು ಅವಳನ್ನು ಅಷ್ಟು ಚೆನ್ನಾಗಿ ಹಿಡಿದೆ, ಕೊನೆಗೂ ಅವಳು ಕೂಗಿದ್ದು ಏನು ಅಂತ ಅವಳನ್ನು ಕೇಳಲಿಲ್ಲ. ನನ್ನನ್ನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ಕೆಳಗೆ ಇಳಿಯುವ ಪ್ರತಿಯೊಬ್ಬನಿಗೂ ಒಂದು ಹಿತ್ತಾಳೆ ಬಿಲ್ಲೆ, ಅದರ ಮೇಲೊಂದು ನಂಬರು. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದರೆ ಅವನ ಆಯಸ್ಸು ಕಮ್ಮಿ ಅಂತ ನಂಬಿದ್ದ ಕಾಲ. ಅದರಲ್ಲೂ ಗಂಡ ನೆಲದಡಿ ಇದ್ದಾಗ ಯಾವಳು ಹೆಸರು ಎತ್ತುತ್ತಾಳೆ? ಅದಕ್ಕೆ ಶಾಫ್ಟಿನ ಬಾಗಿಲಿನಲ್ಲಿ ನಾವು ನಂಬರು ಹೇಳಿ ವಿಚಾರಿಸುತ್ತಿದ್ದೆವು. ಬಾಗಿಲಿನ ಗುಮಾಸ್ತನಿಗೂ ಅದು ಗೊತ್ತಿತ್ತು. ಅವನು ಬೋರ್ಡಿನಲ್ಲಿ ಬಿಲ್ಲೆ ನೋಡಿ “ಬಂದಿದ್ದಾರೆ” ಅಥವಾ “ಇನ್ನೂ ಇಲ್ಲ” ಅನ್ನುತ್ತಿದ್ದ. ಕದಿರಮ್ಮನ ಗಂಡ ಆರುಮುಗಂನ ನಂಬರು ಐನೂರ ಹನ್ನೆರಡು. ನನಗೂ ಒಂದು ನಂಬರು ಇತ್ತು. ಬಾಗಿಲಲ್ಲಿ ನಿಂತು ಅದನ್ನು ಹೇಳುವ ಗತಿ ಮಾತ್ರ ನನಗೆ ಬರಲಿಲ್ಲ.

ನಿಮ್ಮ ತಾತ, ಆರುಮುಗಂ ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು, ಒಂದೇ ಗ್ಯಾಂಗು, ಬೀಡಿ ಕೂಡ ಒಂದೇ ಕಟ್ಟಿನಿಂದ. ಬಂಡೆ ಸಿಡಿದಾಗ ಹೋದದ್ದೂ ಒಟ್ಟಿಗೇ. ಆಗ ನಾನು ಕ್ಯಾಸಂಬಳ್ಳಿ ಕಡೆಯ ನಮ್ಮ ತವರಲ್ಲಿದ್ದೆ, ನಿಮ್ಮಪ್ಪ ಹಸಿಗೂಸು. ಬಾಣಂತಿಗೆ ಹೇಳಬೇಡಿ ಅಂತ ನಮ್ಮಪ್ಪ ಚಿಕ್ಕಮುನಿಯಪ್ಪ ಊರಿಗೇ ಬಾಯಿ ಕಟ್ಟಿದ್ದ. ನನಗೆ ಗೊತ್ತಾಗುವ ಹೊತ್ತಿಗೆ ನಿಮ್ಮ ತಾತ ಸಿಕ್ಕಿದ್ದರು. ಅವರನ್ನು ಮುಚ್ಚಿದ್ದು ಕದಿರಮ್ಮನ ದುಪ್ಪಟಿಯಿಂದ. ಅವಳು ತನ್ನ ಗಂಡನಿಗೆ ಅಂತ ತಂದಿದ್ದದ್ದು. ಆರುಮುಗಂ ಸಿಗಲೇ ಇಲ್ಲ. ಇನ್ನೂ ಬಂಡೆ ಸಿಡಿಯುತ್ತದೆ ಅಂತ ಆ ದಾರಿಗೇ ಗೋಡೆ ಕಟ್ಟಿಬಿಟ್ಟರು. ಅದು ಆಗಿ ಐವತ್ತು ವರ್ಷದ ಮೇಲಾಯಿತು. ಅವಳು ಅತ್ತಳು, ಕಲಾಳನ್ನು ಬೆಳೆಸಿದಳು, ನಿನ್ನನ್ನು ಬೆಳೆಸಿದಳು, ನಕ್ಕಳು, ಜಗಳ ಆಡಿದಳು. ನೆನಪು ಸ್ವಲ್ಪ ಮಂಜಾಗಿದ್ದರೂ ಹಾಯಾಗಿದ್ದಳು. ನೀನು ಹಿಡಿ ತಿರುಗಿಸುವ ತನಕ.

ಯುಗಾದಿ ಆದಮೇಲೆ ಬಂಗಾರಪೇಟೆಯ ಛತ್ರದಲ್ಲಿ ಊಟ ಹಾಕಿಸಿ ಸಿನಿಮಾ ತೋರಿಸಿದೆ. ನನ್ನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದೆ. ಮೊದಲು ಅದಕ್ಕೆ ಬೂದಿ ಅಂತ ಏನೋ ಹೆಸರಿತ್ತು. ಪರದೆಯ ಮೇಲೆ ನೋಡಿದರೆ ‘ಐನೂರ ಹನ್ನೆರಡು’ ಅಂತ ದೊಡ್ಡದಾಗಿ ಬಂತು. ಪ್ರಪಂಚ ಮುಗಿದ ಮೇಲೆ ಮನುಷ್ಯರಿಗೆ ಹೆಸರೇ ಇರುವುದಿಲ್ಲ, ನಂಬರಿನಿಂದ ಕರೆದುಕೊಳ್ಳುತ್ತಾರೆ, ಆ ಹುಚ್ಚು ಮುದುಕಿ ಕೂಗುವುದು ತನ್ನದೇ ನಂಬರು ಅಂತ ನೀನು ಕಥೆ ಮಾಡಿದ್ದೆ. ಬೆಂಗಳೂರಿಂದ ಬಂದಿದ್ದ ಗಡ್ಡದ ಸ್ವಾಮಿ ಒಬ್ಬರು ಮೈಕು ಹಿಡಿದು, ಮನುಷ್ಯ ಬರೀ ಸಂಖ್ಯೆಯಾಗುವ ದುರಂತ ಇಷ್ಟು ಚೆನ್ನಾಗಿ ಎಲ್ಲೂ ಬಂದಿಲ್ಲ ಅಂದರು. ಆ ಮುದುಕಿ ಯಾವ ನಾಟಕ ಕಂಪನಿಯವರು ಅಂತ ಕೇಳಿದರು. ನೀನು “ಲೋಕಲ್ ಆರ್ಟಿಸ್ಟು ಸಾರ್” ಅಂದೆ. “ಆಯಮ್ಮ ಅಲ್ಲಿಗೇ ನಿಲ್ಲಿಸ್ಲಿಲ್ಲ ಸಾರ್, ಮತ್ತೆ ಅದನ್ನೇ ಕೂಗಿದ್ರು. ಎಳೀತದೆ ಅಂತ ಕತ್ತರಿಸ್ಬುಟ್ವಿ” ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಪಕ್ಕದವರು ನೋಡುತ್ತಿದ್ದರಲ್ಲ. ಆಚೆ ಬಂದಾಗ ನೀನು “ಹೆಂಗಿತ್ತು ಅಜ್ಜೀ?” ಅಂದೆ. “ಸಾರು ಚೆನ್ನಾಗಿತ್ತು” ಅಂದೆ. ನೀನು ನಕ್ಕು ಬೇರೆಯವರ ಹತ್ತಿರ ಹೋದೆ.

ಈಗ ಕದಿರಮ್ಮನ ವಿಷಯ. ನಾನು ಫೋನಿನಲ್ಲಿ ಹೇಳಿದ್ದನ್ನು ನೀನು ಅರ್ಧ ಕೇಳಿ “ಎಡಿಟಿಂಗಲ್ಲಿದೀನಿ” ಅಂದಿದ್ದೆ. ಇಲ್ಲಿ ಪೂರ್ತಿ ಓದು.

ಆ ದಿನದಿಂದ ಅವಳು ಬೆಳಗಾದರೆ ದುಪ್ಪಟಿ ಮಡಿಸಿಕೊಂಡು ಬೇಲಿಯ ಹತ್ತಿರ ಹೋಗುತ್ತಾಳೆ. ಸಂಗು ಹೊತ್ತಲ್ಲದ ಹೊತ್ತಿನಲ್ಲಿ ಊದಿತು. ಷಿಫ್ಟಿನ ಸಂಗು ಮತ್ತೆ ಊದಿಲ್ಲ. ಆದ್ದರಿಂದ ಅವಳ ಲೆಕ್ಕದಲ್ಲಿ ಗಂಡಸರು ಇನ್ನೂ ಕೆಳಗೇ ಇದ್ದಾರೆ. ಮಾತು ಸರಿಯಾಗಿಯೇ ಆಡುತ್ತಾಳೆ. “ಅಕ್ಕಾ, ಇನ್ನಾ ಸಂಗು ಊದ್ಲಿಲ್ಲ. ಊದಿದ್ರೆ ನಾನೇ ಬತ್ತೀನಿ, ನೀನು ಓಗು, ಬಿಸ್ಲು” ಅಂತ ನನಗೇ ಬುದ್ಧಿ ಹೇಳುತ್ತಾಳೆ. ಕತ್ತಲಾದ ಮೇಲೆ ಕಲಾ ಹೊತ್ತುಕೊಂಡೇ ಬರಬೇಕು. ಅನ್ನ ಮುಟ್ಟುವುದಿಲ್ಲ. ಮುದ್ದೆ ಮುಟ್ಟುವುದಿಲ್ಲ. ಒಲೆಯ ಮೇಲೆ ಬೆಂದದ್ದು ಏನೂ ಬೇಡ. ಕಲಾ ಒಲೆ ಹಚ್ಚಿದರೆ ಚೊಂಬಿನಲ್ಲಿ ನೀರು ತಂದು ಸುರಿಯುತ್ತಾಳೆ, ಆ ಮನೆಯಲ್ಲಿ ಈಗ ಅಡುಗೆಯೇ ಇಲ್ಲ. ಪುರಿ, ಬನ್ನು. ಅದನ್ನೂ ಅರ್ಧ ಮುರಿದು ಸೆರಗಿಗೆ ಕಟ್ಟಿಕೊಳ್ಳುತ್ತಾಳೆ, ಮೇಲೆ ಬಂದವರಿಗೆ ಹಸಿವಾಗಿರುತ್ತದೆ ಅಂತ. ರಾಜ್‌ಕುಮಾರ್ ಒಳ್ಳೆಯವನು, ಹೊಂಗೆ ಮರದ ಕೆಳಗೆ ಅವಳಿಗೊಂದು ಕಲ್ಲು ಹಾಕಿಕೊಟ್ಟಿದ್ದಾನೆ.

ಮನೆಯೊಳಗೆ ಕೂಡಿಹಾಕಿದೆವು, ಬಾಗಿಲಿಗೆ ತಲೆ ಚಚ್ಚಿಕೊಂಡಳು. ಆಂಡರ್ಸನ್‌ಪೇಟೆಯ ಡಾಕ್ಟರು ಗ್ಲೂಕೋಸು ಹಾಕಿ, “ಹೀಗೇ ಆದರೆ ಮಳೆಗಾಲ ನೋಡೋದು ಕಷ್ಟ” ಅಂದರು. ನಿನ್ನ ಸಂಗನ್ನು ಕಲಾ ಸಿನಿಮಾದಿಂದ ಫೋನಿಗೆ ಹಾಕಿಸಿಕೊಂಡು ಬಂದು ಅವಳ ಕಿವಿಯ ಹತ್ತಿರ ಊದಿಸಿದಳು. ಕದಿರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ, “ಪೋನು ಒಡ್ಕೊಂತಾ ಐತೆ, ಎತ್ತುಡೀ” ಅಂದಳು. ನಾನೂ ಕಲಾಳೂ ಬೇಲಿಯ ಹತ್ತಿರ ಕೂತು ಬಿದ್ದು ಬಿದ್ದು ನಕ್ಕೆವು. ಆಮೇಲೆ ಕಲಾ ಅಳು ನಿಲ್ಲಿಸಲಿಲ್ಲ.

ಅದಕ್ಕೇ ನಿನಗೆ ಹೇಳಿದ್ದು, ಆ ಯಂತ್ರ ತಂದು ಷಿಫ್ಟಿನ ಹೊತ್ತಿಗೆ ಒಂದು ಸಲ ತಿರುಗಿಸಿ ಹೋಗು ಅಂತ. ನೀನು ಏನಂದೆ? “ಅಯ್ಯೋ ಅಜ್ಜೀ, ಅದನ್ನ ಆವತ್ತೇ ಗುಜರಿಯವ್ರಿಗೆ ವಾಪಸ್ ಕೊಟ್ಬುಟ್ಟೆ, ಅವ್ರು ಯಾರಿಗೋ ಮಾರ್ಬುಟ್ರಂತೆ.”

ಹೋದ ಮಂಗಳವಾರ ನಾನು ಬಂಗಾರಪೇಟೆಗೆ ಬಂದಿದ್ದೆ.

ಹೌದು, ಬಂದಿದ್ದೆ. ನಿಮ್ಮಪ್ಪನ ಜೊತೆ ಬೆಳಗಿನ ಟ್ರೈನಿಗೆ ಹತ್ತಿ, ಆಸ್ಪತ್ರೆಗೆ ಅಂತ ಅವನಿಗೆ ಸುಳ್ಳು ಹೇಳಿ ಇಳಿದುಕೊಂಡೆ. ಕೇಳುತ್ತಾ ಕೇಳುತ್ತಾ ಗುಜರಿಯ ಕೋದಂಡಪ್ಪನ ಹತ್ತಿರ ಹೋದೆ. ಯಾರಿಗೆ ಮಾರಿದೆಯಪ್ಪಾ, ಅವರ ಕಾಲು ಹಿಡಿದಾದರೂ ಒಂದು ದಿನಕ್ಕೆ ತರುತ್ತೇನೆ ಅಂದೆ. ಅವನು ತಕ್ಕಡಿ ಬಿಟ್ಟು ನನ್ನನ್ನೇ ನೋಡಿದ. “ವಾಪಸ್ಸೆಲ್ಲಮ್ಮ ಕೊಟ್ರು? ಆ ಸಿನಿಮಾ ಉಡುಗಿ ಕೊಂಡ್ಕೊಂಡ್ಬುಟ್ಳಲ್ಲ. ಸ್ಟುಡಿಯೋದಾಗೇ ಮಡಗವ್ಳೆ, ನೋಡೋಗಿ” ಅಂದ. ಅವನಿಗೆ ನಾನು ನಿನ್ನ ಅಜ್ಜಿ ಅಂತ ಹೇಳಲಿಲ್ಲ.

ನಿನ್ನ ಸ್ಟುಡಿಯೋ ಎದುರಿಗೆ ಪಾನಿಪೂರಿ ಗಾಡಿ ಇದೆಯಲ್ಲ, ಅದರ ಪಕ್ಕ ನಿಂತೆ. ಗಾಜಿನ ಬಾಗಿಲಿಂದ ಎಲ್ಲ ಕಾಣುತ್ತಿತ್ತು. ಮೇಜಿನ ಮೇಲೆ ಕೆಂಪು ಬಟ್ಟೆ, ಅದರ ಮೇಲೆ ಸಂಗು, ಎಣ್ಣೆ ಹಾಕಿ ಒರೆಸಿ ಮದುಮಗನ ಹಾಗೆ ಕೂರಿಸಿದ್ದೆ. ಗೋಡೆಯ ಮೇಲೆ ಕದಿರಮ್ಮನ ತೆರೆದ ಬಾಯಿ, ಆಳೆತ್ತರ. ಯಾರೋ ಇಬ್ಬರು ನಿನ್ನ ಫೋಟೋ ಹಿಡಿಯುತ್ತಿದ್ದರು. ನೀನು ಹಿಡಿಯ ಮೇಲೆ ಕೈಯಿಟ್ಟು ಏನೋ ಹೇಳುತ್ತಿದ್ದೆ. ಮೈಕೈ ತುಂಬಿಕೊಂಡಿದ್ದೀಯ, ಮುಖದಲ್ಲಿ ಕಳೆ ಇತ್ತು. ನಿನ್ನ ಕ್ಷೇಮ ನನಗೆ ಗೊತ್ತಾದದ್ದು ಹೀಗೆ.

ಆ ಸಂತೋಷ ಹಾಳು ಮಾಡುವುದು ಬೇಡ ಅಂತ ಒಳಗೆ ಬರಲಿಲ್ಲ ಅಂತ ಬರೆದರೆ ನನಗೂ ಒಳ್ಳೆಯ ಹೆಸರು ಬರುತ್ತದೆ. ಅದು ಸುಳ್ಳು. ಬಂದರೆ ಆ ಫೋಟೋದವರ ಮುಂದೆ ನಿನ್ನ ಕೆನ್ನೆಗೆ ಬಾರಿಸುತ್ತೇನೆ ಅಂತ ನನ್ನ ಕೈ ನನಗೆ ಹೇಳಿತು. ಅದಕ್ಕೇ ಬರಲಿಲ್ಲ. ಪಾನಿಪೂರಿಯವನು “ಒಂದ್ ಪ್ಲೇಟ್ ಕೊಡ್ಲಾಮ್ಮಾ?” ಅಂದ. “ಒಲೆ ಮೇಲೆ ಬೆಂದಿದ್ದು ಬೇಡಪ್ಪ” ಅಂದೆ. ಯಾಕೆ ಹಾಗೆ ಅಂದೆನೋ ಗೊತ್ತಿಲ್ಲ. ಅವನು ನನ್ನನ್ನು ಹುಚ್ಚಿ ಅಂದುಕೊಂಡಿರಬೇಕು.

ಟ್ರೈನಿನಲ್ಲಿ ಯೋಚಿಸಿದೆ. ನಿನಗೆ ಯಂತ್ರ ಕೊಡಲು ಮನಸ್ಸಿಲ್ಲ ಅಂತಲ್ಲ. ಬಂದರೆ ಕದಿರಮ್ಮನ ಮುಖ ನೋಡಬೇಕಲ್ಲ, ಅದು ನಿನಗೆ ಆಗುತ್ತಿಲ್ಲ. ಗೋಡೆಯ ಮೇಲಿನ ಮುಖವಾದರೆ ಮಾತಾಡುವುದಿಲ್ಲ, ಬನ್ನು ಮುರಿದು ನಿನಗೂ ಅರ್ಧ ಕೊಡುವುದಿಲ್ಲ.

ನಿನ್ನ ಸಿನಿಮಾ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ದೊಡ್ಡ ಊರಿನಲ್ಲಿ ತೋರಿಸಲಿ, ಹಾರ ಹಾಕಲಿ. ಪ್ರಪಂಚ ಮುಗಿದ ಮೇಲೆ ಉಳಿದವರು ಏನು ಮಾಡುತ್ತಾರೆ ಅಂತ ತೋರಿಸಲು ನೀನು ಅಷ್ಟು ಒದ್ದಾಡಿದೆ. ಅದನ್ನು ಮಾಡಿದವಳು ನಿನ್ನನ್ನು ಸೊಂಟದ ಮೇಲೆ ಹೊತ್ತಿದ್ದಳು, ಕೇಳಿದ್ದರೆ ಹೇಳುತ್ತಿದ್ದಳು. ಇರಲಿ, ಮುಗಿದ ಮಾತು.

ಈಗ ನೀನು ಮಾಡಬೇಕಾದ್ದು. ಶುಕ್ರವಾರ ಬಾ. ಕಾರು ಮಾಡಿಕೋ, ಟೆಂಪೋ ಮಾಡಿಕೋ, ತಲೆಯ ಮೇಲೆ ಹೊತ್ತುಕೊಂಡು ಬಾ, ಆ ಸಂಗು ಇಲ್ಲಿಗೆ ಬರಬೇಕು. ಸಾಯಂಕಾಲ ಷಿಫ್ಟು ಬಿಡುತ್ತಿದ್ದ ಹೊತ್ತಿಗೆ ಶಾಫ್ಟಿನ ಹಿಂದೆ, ಅವಳಿಗೆ ಕಾಣದ ಹಾಗೆ ನಿಂತು ತಿರುಗಿಸು. ರಾಜ್‌ಕುಮಾರ್‌ಗೆ ಹೇಳಿಟ್ಟಿದ್ದೇನೆ. ಲೈನಿನ ಮನೆಮನೆಗೂ ಹೇಳಿದ್ದೇನೆ, ಈ ಸಲ ಯಾರೂ ಓಡುವುದಿಲ್ಲ. ಊದಿದ ಕೂಡಲೇ ಎಲ್ಲರೂ ಒಲೆ ಹಚ್ಚುತ್ತಾರೆ. ನಾನು ಅವಳ ಪಕ್ಕ ಇರುತ್ತೇನೆ. “ಬಾರೇ, ಸಂಗು ಊದ್ತು, ಅನ್ನಕ್ಕೆ ಇಡಬೇಕು” ಅಂತೀನಿ. ಎದ್ದರೆ ಎದ್ದಳು. ಏಳದಿದ್ದರೆ ನೀನು ಅವಳ ಪಕ್ಕ ಬಂದು ಕೂರಬೇಕು, ಎಷ್ಟು ದಿನವಾದರೂ. ಬೇಳೆ ಡಬ್ಬದ ಅಡಿಯ ಕಾಗದ ಆಮೇಲೆ ಈಚೆ ಬರುತ್ತದೆ. ಒತ್ತುವುದು ಬಿಡುವುದು ಅವಳಿಷ್ಟ, ಅದರಲ್ಲಿ ಏನು ಬರೆದಿದೆ ಅಂತ ನೀನೇ ಅವಳ ತಮಿಳಿನಲ್ಲಿ ಅವಳಿಗೆ ಓದಿ ಹೇಳು. ನಿನಗೆ ಬರುತ್ತದೆ, ಅವಳೇ ಕಲಿಸಿದ್ದು.

ಕ್ಯಾಮೆರಾ ತರಬೇಡ. ಅವಳು ಎದ್ದು ಮನೆಗೆ ಬರುವುದನ್ನು ಹಿಡಿಯಬೇಕು ಅಂತ ನಿನಗೆ ಆಗಲೇ ಅನ್ನಿಸಿರುತ್ತದೆ, ನನಗೆ ನೀನು ಗೊತ್ತು. ನರೇಶನ ಕುತ್ತಿಗೆಯಲ್ಲಿ ಕ್ಯಾಮೆರಾ ಕಂಡರೆ ಸೌದೆಯಿಂದ ಒಡೆಯುತ್ತೇನೆ. ಈ ಕಾಗದವನ್ನೂ ಯಾರ ಕೈಯಲ್ಲೂ ಓದಿಸಬೇಡ.

ನಿಮ್ಮಪ್ಪನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಮೈಸೂರುಪಾಕಿನ ಡಬ್ಬಿಯನ್ನೂ ಕಳಿಸಿದ್ದೇನೆ, ಹಾಗೇ ಇದೆ.

ಇಂತಿ,
ನಿನ್ನ ಮೇಲೆ ಕೋಪ ಇರುವ, ಶುಕ್ರವಾರ ನಿನಗೂ ಸೇರಿಸಿ ಅಕ್ಕಿ ಹಾಕುವ,
ಗಂಗರತ್ನಮ್ಮ

ಕವರಿಗೆ ಅನ್ನದ ಅಗುಳು ಹಚ್ಚುವ ಮೊದಲು ಇನ್ನೊಂದು ಮಾತು. ಎಳೆಯುತ್ತದೆ ಅಂತ ನೀನು ಕತ್ತರಿಸಿ ಎಸೆದ ತುಂಡನ್ನು ಹುಡುಕಿ ಒಂದು ಸಲ ಸರಿಯಾಗಿ ಕೇಳು. ಕದಿರಮ್ಮ ಎರಡನೇ ಸಲ ಅದನ್ನೇ ಕೂಗಿಲ್ಲ. ಮೊದಲು ಐನೂತ್ತಿ ಪನ್ನೆಂಡು. ಆಮೇಲೆ ಐನೂತ್ತಿ ಪದಿಮೂಣು, ಐನೂರ ಹದಿಮೂರು. ಒಂದೇ ದಿನ ಸೇರಿದವರಿಗೆ ಅಕ್ಕಪಕ್ಕದ ನಂಬರು ಕೊಡುತ್ತಿದ್ದರು. ನಾನು ತವರಲ್ಲಿ ನಿಮ್ಮಪ್ಪನಿಗೆ ಹಾಲು ಕೊಡುತ್ತಾ ಮಲಗಿದ್ದಾಗ ಆ ಬಾಗಿಲಲ್ಲಿ ಅವಳು ನನ್ನ ಪಾಲಿನದನ್ನೂ ಕೂಗಿದ್ದಳು, ಈಗಲೂ ಕೂಗುತ್ತಾಳೆ. ನೀನು ಕತ್ತರಿಸಿದ್ದು ನಿಮ್ಮ ತಾತನನ್ನು. ಶುಕ್ರವಾರ ಹಿಡಿ ತಿರುಗಿಸುವಾಗ ಕೈ ನೋಯಿತು ಅಂತ ಬೇಗ ನಿಲ್ಲಿಸಬೇಡ ಮಗಳೇ. ಸ್ವಲ್ಪ ಎಳೆಯಲಿ. ಇಬ್ಬರು ಮೇಲೆ ಬರಬೇಕು.